ಅಜ್ಜನ ದಿಮ್ಮಿ, ಮೊಮ್ಮಗಳ ಪೆಟ್ಟಿಗೆ: ಮಾಯಾ ಜೇನುವಿದ್ಯೆ ಕೈ ದಾಟಿದ ಬಗೆ

ಒಂದು ಮರದ ದಿಮ್ಮಿ. ಉದ್ದ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಒಳಗೆ ಟೊಳ್ಳು. ಎರಡೂ ತುದಿಗೆ ದುಂಡನೆಯ ಬಿಲ್ಲೆ ಇಟ್ಟು, ಸುತ್ತ ಮಣ್ಣು ಮೆತ್ತಿ ಮುಚ್ಚಿದ್ದಾರೆ. ನಡುವೆ ಒಂದೇ ಒಂದು ತೂತು, ಒಂದು ನೊಣ ತೂರುವಷ್ಟು. ಆ ತೂತಿನಲ್ಲಿ ಹಗಲಿಡೀ ಒಂದು ನೊಣ ತಲೆ ಹೊರಗಿಟ್ಟು ಕಾವಲು ಕೂತಿರುತ್ತದೆ. ಕೆಲವು ದಿಮ್ಮಿಗಳಲ್ಲಿ ತೂತಿನ ಮೇಲೆ ಪುಟ್ಟ ಶಿಲುಬೆ ಕೆತ್ತಿರುತ್ತಾರೆ. ಇಂಥ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೇಲೆ ತಾಳೆಗರಿಯ ಮಾಡು ಕಟ್ಟಿದರೆ ಅದೇ ಮಾಯಾ ಜನರ ಜೇನುಮನೆ.

ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದಲ್ಲಿ ಈ ದಿಮ್ಮಿಗೆ ಹೊಬೊನ್ ಎನ್ನುತ್ತಾರೆ. ಒಳಗಿರುವ ನೊಣದ ಹೆಸರು ಶುನಾನ್ ಕಾಬ್. ವಿಜ್ಞಾನಿಗಳು ಕರೆಯುವುದು ಮೆಲಿಪೋನಾ ಬೀಚಿಯೈ ಎಂದು. ಇದಕ್ಕೆ ಚುಚ್ಚುವ ಕೊಂಡಿ ಇಲ್ಲ. ಯುರೋಪಿನವರು ಈ ನೆಲಕ್ಕೆ ಕಾಲಿಡುವುದಕ್ಕೆ ಬಹಳ ಮೊದಲೇ ಮಾಯಾ ಜನ ಇದನ್ನು ಸಾಕುತ್ತಿದ್ದರು. ಗ್ವಾಟೆಮಾಲಾದ ನಕುಮ್ ಎಂಬ ಹಾಳೂರಿನಲ್ಲಿ ದಿಮ್ಮಿಯದೇ ಆಕಾರದ ಮಣ್ಣಿನ ಜೇನುಗೂಡು ಅಗೆತದಲ್ಲಿ ಸಿಕ್ಕಿದೆ. ಅದಕ್ಕೆ ಸುಮಾರು ಎರಡು ಸಾವಿರ ವರ್ಷ.

ಎರಡು ಸಾವಿರ ವರ್ಷ ಕೈಯಿಂದ ಕೈಗೆ ಬಂದ ಈ ವಿದ್ಯೆ, 20ನೇ ಶತಮಾನದ ಕೊನೆಯ ಹೊತ್ತಿಗೆ ನಿಲ್ಲುವ ಹಂತಕ್ಕೆ ಬಂತು. ಒಂದು ಪ್ರದೇಶದಲ್ಲಿ ಅದು ಮತ್ತೆ ಹೇಗೆ ಮುಂದಕ್ಕೆ ಸಾಗಿತು, ಯಾರ ಕೈಗೆ ಸಾಗಿತು, ದಾರಿಯಲ್ಲಿ ಏನು ಬದಲಾಯಿತು ಎಂಬುದೇ ಈ ಪ್ರಕರಣ.

ನನಗೆ ಈ ವಿಷಯ ಹತ್ತಿರವಾದದ್ದು ಮುಜಂಟಿಯಿಂದ. ಕೆಲವರು ಮಿಸ್ರಿ ಜೇನು ಅಂತಾರಲ್ಲ, ಅದೇ. ಮಲೆನಾಡು ಕರಾವಳಿಯ ಹಳೆಯ ಮನೆಗಳ ಗೋಡೆ ಸಂದಿಯಲ್ಲಿ ಗೂಡು ಕಟ್ಟುವ, ಚುಚ್ಚದ ಪುಟ್ಟ ನೊಣ. ಶುನಾನ್ ಕಾಬ್‌ಗೆ ಅದು ದೂರದ ಬಳಗ. ನಮ್ಮ ಮನೆಯ ಹಿಂದಿನ ಗೋಡೆಯಲ್ಲೂ ಒಂದು ಗೂಡಿತ್ತು. ಅಜ್ಜ ವರ್ಷಕ್ಕೊಮ್ಮೆ ಒಂದು ಚಿಕ್ಕ ಬಾಟಲಿಯಷ್ಟು ತುಪ್ಪ ತೆಗೆಯುತ್ತಿದ್ದರು. ಕೆಮ್ಮು ಬಂದರೆ ಅದೇ ಔಷಧ. ಅಜ್ಜ ಹೋದ ಮೇಲೆ ಗೂಡು ಅಲ್ಲೇ ಇತ್ತು, ತೆಗೆಯುವುದು ಹೇಗೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಇದ್ದಾಗ ನಾವು ಯಾರೂ ಕೇಳಿರಲಿಲ್ಲ. ಆ ಕೊರಗು ಇಟ್ಟುಕೊಂಡೇ ನಾನು ಹೊಪೆಲ್ಚೆನ್‌ನ ಕಥೆಯನ್ನು ಓದಲು ಶುರು ಮಾಡಿದ್ದು.

ಐದು ಬಾವಿಗಳ ಸೀಮೆ

ಹೊಪೆಲ್ಚೆನ್ ಇರುವುದು ಕಂಪೇಚೆ ರಾಜ್ಯದಲ್ಲಿ. ಮಾಯಾ ಭಾಷೆಯಲ್ಲಿ ಆ ಹೆಸರಿನ ಅರ್ಥ ಐದು ಬಾವಿಗಳ ಜಾಗ. ಸುತ್ತಲಿನ ಸೀಮೆಗೇ ಲಾಸ್ ಚೆನೆಸ್ ಎಂದು ಹೆಸರು, ಅಂದರೆ ಬಾವಿಗಳ ಸೀಮೆ. ಯಾಕೆಂದರೆ ಇಲ್ಲಿ ನೆಲದ ಮೇಲೆ ಹರಿಯುವ ಹೊಳೆಗಳೇ ಇಲ್ಲ ಎನ್ನಬಹುದು. ಇಡೀ ನೆಲ ಸುಣ್ಣದ ಕಲ್ಲು. ಬಿದ್ದ ಮಳೆ ಸೋಸಿ ಕೆಳಗಿಳಿದು ನೆಲದಡಿಯ ನೀರಾಗುತ್ತದೆ. ಈ ಸುಣ್ಣದ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿನ ಹಳ್ಳಿಗಳಲ್ಲಿ ಮಾಯಾ ಜನ ಇಂದಿಗೂ ಇದ್ದಾರೆ. ಮಾಯಾ ಎಂದ ಕೂಡಲೇ ನಮಗೆ ಕಾಡಿನಲ್ಲಿ ಮುಳುಗಿದ ಪಿರಮಿಡ್‌ಗಳು, ಮಾಯವಾಗಿಹೋದ ನಾಗರಿಕತೆ ನೆನಪಾಗುತ್ತದೆ. ಅದು ಅರ್ಧ ಸತ್ಯ ಮಾತ್ರ. ರಾಜರು ಹೋದರು, ಜನ ಹೋಗಲಿಲ್ಲ. 2020ರ ಜನಗಣತಿಯಲ್ಲಿ ಮೆಕ್ಸಿಕೋ ದೇಶವೊಂದರಲ್ಲೇ ಯುಕಟಾನಿನ ಮಾಯಾ ಭಾಷೆ ಮಾತಾಡುವವರು 7 ಲಕ್ಷ 70 ಸಾವಿರಕ್ಕೂ ಹೆಚ್ಚು. ಅವರು ಜೋಳ ಬಿತ್ತುತ್ತಾರೆ, ಕೋಳಿ ಸಾಕುತ್ತಾರೆ, ಜೇನು ತೆಗೆಯುತ್ತಾರೆ, ಮಕ್ಕಳನ್ನು ಸ್ಪ್ಯಾನಿಷ್ ಶಾಲೆಗೆ ಕಳಿಸುತ್ತಾರೆ.

ಹಿರಿಯರಿಗೆ ಏನು ಗೊತ್ತಿತ್ತು

ಮೊದಲು ಆ ಹೆಸರನ್ನೇ ನೋಡಿ. ಶುನಾನ್ ಎಂದರೆ ಗೌರವಸ್ಥ ಹೆಂಗಸು, ನಮ್ಮಲ್ಲಿ ಅಮ್ಮಾವ್ರು ಅನ್ನುತ್ತೇವಲ್ಲ, ಹಾಗೆ. ಕಾಬ್ ಎಂದರೆ ಜೇನುನೊಣ. ಜೇನುತುಪ್ಪಕ್ಕೂ ಅದೇ ಪದ. ಹಳೆಯ ಮಾಯಾ ಭಾಷೆಯಲ್ಲಿ ಭೂಮಿಗೂ ಲೋಕಕ್ಕೂ ಕಾಬ್ ಎಂದೇ ಹೇಳುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಕಲಿತ ಮಗುವಿಗೆ ನೊಣ ಒಂದು ಪದ, ತುಪ್ಪ ಒಂದು ಪದ, ಭೂಮಿ ಇನ್ನೊಂದು ಪದ.

ಆಮೇಲೆ ನಡವಳಿಕೆ. ಜೇನುಮನೆಯ ಹತ್ತಿರ ಜೋರಾಗಿ ಮಾತಾಡಬಾರದು. ಮನೆಯಲ್ಲಿ ಜಗಳವಾದರೆ ಅಮ್ಮಾವ್ರು ಬೇಸರಪಟ್ಟು ಹೊರಟುಹೋಗುತ್ತಾರೆ. ದಿಮ್ಮಿ ತೆರೆಯುವಾಗ ಅಕಸ್ಮಾತ್ ಒಂದು ನೊಣ ಸತ್ತರೆ ಅದನ್ನು ಎಸೆಯುವ ಹಾಗಿಲ್ಲ. ಎಲೆಯ ತುಂಡಿನಲ್ಲಿ ಸುತ್ತಿ ಮಣ್ಣು ಮಾಡಬೇಕು. ಹೊರಗಿನವರಿಗೆ ಇದು ಮೂಢನಂಬಿಕೆ ಅನ್ನಿಸಬಹುದು. ಆದರೆ ಒಂದು ಕ್ಷಣ ಯೋಚಿಸಿ. ಪ್ರತಿ ಸತ್ತ ನೊಣಕ್ಕೂ ಕೂತು ಎಲೆ ಸುತ್ತಬೇಕು ಅಂತಾದರೆ, ಕೈ ತಾನಾಗಿಯೇ ನಿಧಾನವಾಗುತ್ತದೆ. ಹತ್ತು ವರ್ಷದ ಹುಡುಗನಿಗೆ ದಿಮ್ಮಿ ತೆರೆಯುವಾಗ ಆತುರ ಬೇಡ ಅಂತ ನೂರು ಸಲ ಹೇಳುವುದಕ್ಕಿಂತ ಇದು ಗಟ್ಟಿಯಾದ ಪಾಠ.

ಆತುರ ಬೇಡ ಎನ್ನುವುದಕ್ಕೆ ಕಾರಣವೂ ಇದೆ. ಈ ನೊಣಗಳು ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಹಾಗೆ ಎರಿಯಲ್ಲಿ ತುಪ್ಪ ಇಡುವುದಿಲ್ಲ. ಮೇಣಕ್ಕೆ ಮರದ ಅಂಟು ಬೆರೆಸಿ ಪುಟ್ಟ ಪುಟ್ಟ ಗಡಿಗೆ ಮಾಡುತ್ತವೆ. ದಿಮ್ಮಿಯ ನಡುವಿನಲ್ಲಿ ಮರಿಗಳ ಎರಿ, ಎರಡು ತುದಿಗಳಲ್ಲಿ ತುಪ್ಪದ ಮತ್ತು ಪರಾಗದ ಗಡಿಗೆಗಳು. ಅದಕ್ಕೇ ದಿಮ್ಮಿಯನ್ನು ತುದಿಯಿಂದ ತೆರೆಯುವುದು. ಬಿಲ್ಲೆ ತೆಗೆದು, ತುಪ್ಪದ ಗಡಿಗೆಗಳನ್ನು ಮಾತ್ರ ಚುಚ್ಚಿ, ದಿಮ್ಮಿಯನ್ನು ಮೆಲ್ಲಗೆ ಓರೆ ಮಾಡಿದರೆ ತುಪ್ಪ ಸೋರಿ ಕೆಳಗಿಟ್ಟ ಪಾತ್ರೆಗೆ ಇಳಿಯುತ್ತದೆ. ಪರಾಗದ ಗಡಿಗೆ ಒಡೆದರೆ ಕೆಲಸ ಕೆಟ್ಟಿತು. ಆ ವಾಸನೆಗೆ ನೆನೆಮ್ ಎಂಬ, ಜೇನಲ್ಲದ ಸಣ್ಣ ನೊಣ ಬರುತ್ತದೆ. ಬಂದು ಪರಾಗದಲ್ಲಿ ಮೊಟ್ಟೆ ಇಡುತ್ತದೆ. ಅದರ ಹುಳ ಹುಟ್ಟಿಕೊಂಡರೆ ಕೆಲವೇ ದಿನಗಳಲ್ಲಿ ಗೂಡಿನ ಇಡೀ ಜೇನು ಕುಟುಂಬ ನಾಶ. ಹಾಗಾಗಿ ತೆಗೆದ ಕೂಡಲೇ ಬಿಲ್ಲೆ ಮುಚ್ಚಬೇಕು, ಹಸಿ ಮಣ್ಣಿನಿಂದ ಸಂದು ಮೆತ್ತಬೇಕು, ಒಂದು ಬಿರುಕೂ ಉಳಿಯಬಾರದು. ಯಾವ ಗಡಿಗೆಯಲ್ಲಿ ತುಪ್ಪ, ಯಾವುದರಲ್ಲಿ ಪರಾಗ ಅಂತ ಮಬ್ಬು ಬೆಳಕಿನಲ್ಲಿ ಗುರುತಿಸುವುದನ್ನು ಯಾವ ಪುಸ್ತಕವೂ ಕಲಿಸಲಾರದು. ಪಕ್ಕದಲ್ಲಿ ನಿಂತು ನೋಡಬೇಕು, ಒಂದೆರಡು ಸಲ ತಪ್ಪು ಮಾಡಬೇಕು.

ಹೂವಿನ ಲೆಕ್ಕವೂ ಹಿರಿಯರ ತಲೆಯಲ್ಲಿ ಇರುತ್ತದೆ. ಚಳಿಗಾಲದಲ್ಲಿ ತಹೊನಾಲ್ ಎಂಬ ಹಳದಿ ಹೂ ಅರಳುತ್ತದೆ. ಬೇಸಿಗೆ ಏರುತ್ತಿದ್ದಂತೆ ತ್ಸಿತ್ಸಿಲ್ಚೆ, ಅದರ ಜೊತೆಜೊತೆಗೇ ಹಾಬಿನ್ ಮರ. ಎಲ್ಲಿ ಯಾವ ಹೂ ಇದೆ, ಈ ವರ್ಷ ಮಳೆ ತಡವಾದರೆ ಯಾವುದು ಹಿಂದೆ ಬೀಳುತ್ತದೆ, ತುಪ್ಪ ಯಾವಾಗ ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದೆಲ್ಲ ಇದಕ್ಕೇ ಅಂಟಿಕೊಂಡ ಲೆಕ್ಕ.

ತುಪ್ಪವೋ, ನೀರು ನೀರಾಗಿರುತ್ತದೆ, ತುಸು ಹುಳಿ. ಒಂದು ದಿಮ್ಮಿಯಿಂದ ವರ್ಷಕ್ಕೆ ಒಂದೆರಡು ಲೀಟರ್ ಸಿಕ್ಕರೆ ಹೆಚ್ಚು. ಅದನ್ನು ರೊಟ್ಟಿಗೆ ಹಚ್ಚಿ ತಿನ್ನುವುದಿಲ್ಲ, ಅದು ಮದ್ದು. ಕಣ್ಣಿನ ತೊಂದರೆಗೆ ಕಣ್ಣಿಗೆ ಬಿಡುತ್ತಾರೆ, ಬಾಣಂತಿಗೆ ಕೊಡುತ್ತಾರೆ, ಕೆಮ್ಮಿಗೆ, ಗಾಯಕ್ಕೆ ಬಳಸುತ್ತಾರೆ. ದೇವರ ಕೆಲಸಕ್ಕೆ ಮಾಡುವ ಬಾಲ್ಚೆ ಎಂಬ ಪಾನೀಯಕ್ಕೂ ಇದೇ ತುಪ್ಪ ಬೇಕು. ಬಾಲ್ಚೆ ಮರದ ತೊಗಟೆಯನ್ನು ಜೇನುನೀರಿನಲ್ಲಿ ನೆನೆಸಿ ಹುದುಗಿಸುತ್ತಾರೆ.

ಕೊನೆಯದು ಹಾನ್ಲಿ ಕಾಬ್. ಅರ್ಥ, ಜೇನಿಗೆ ಊಟ. ಹ್ಮೆನ್ ಎಂದು ಕರೆಯುವ ಊರಿನ ಪೂಜಾರಿ ನಡೆಸುವ ಪೂಜೆ ಇದು. ಜೋಳದ ಸಕಾ ಎಂಬ ಪಾನೀಯ ಇಟ್ಟು, ಕಾಡಿನ ಒಡೆಯರನ್ನು ಕರೆದು, ಜೇನು ಕೊಟ್ಟದ್ದಕ್ಕೆ ಅವರ ಪಾಲು ಹಿಂದಿರುಗಿಸುವುದು. ನಮ್ಮ ಭೂಮಿ ಹುಣ್ಣಿಮೆಯಲ್ಲಿ ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುತ್ತೇವಲ್ಲ, ಆ ಭಾವ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಂಡಿ ಕಳಚಿದ್ದು ಎಲ್ಲಿ

1562ರ ಜುಲೈನಲ್ಲಿ ಡಿಯೆಗೊ ಡಿ ಲಾಂಡಾ ಎಂಬ ಪಾದ್ರಿ ಯುಕಟಾನಿನ ಮಾನಿ ಎಂಬ ಊರಿನಲ್ಲಿ ಮಾಯಾ ಜನರ ಪುಸ್ತಕಗಳನ್ನೂ ದೇವರ ಮೂರ್ತಿಗಳನ್ನೂ ರಾಶಿ ಹಾಕಿ ಸುಡಿಸಿದ. ಇಂದು ಉಳಿದಿರುವ ಹಳೆಯ ಮಾಯಾ ಹೊತ್ತಿಗೆಗಳು ನಾಲ್ಕೇ. ಅದರಲ್ಲಿ ಒಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿದೆ. ಅದರ ಕೊನೆಯ ಭಾಗದಲ್ಲಿ ಹತ್ತು ಪುಟದಷ್ಟು ಬರೀ ಜೇನಿನ ವಿಷಯವೇ: ನೊಣಗಳು, ಗೂಡುಗಳು, ಯಾವ ದಿನ ಯಾವ ಪೂಜೆ ಎಂಬ ಲೆಕ್ಕ.

ಅಲ್ಲಿಗೆ ವಿದ್ಯೆ ಹೋಯಿತೇ? ಇಲ್ಲ. ಪುಸ್ತಕ ಸುಟ್ಟರೂ ಹಿತ್ತಲಿನ ದಿಮ್ಮಿ ಉಳಿಯಿತು. ಸ್ಪ್ಯಾನಿಷರಿಗೂ ಜೇನುಮೇಣ, ತುಪ್ಪ ಬೇಕಿತ್ತು, ಕಪ್ಪವಾಗಿ ವಸೂಲಿ ಮಾಡುತ್ತಿದ್ದರು. ಓದು ಬರಹ ಬಾರದ ಅಪ್ಪ ಮಗನಿಗೆ ತೋರಿಸಿಕೊಟ್ಟ. ಹೀಗೆ ಇನ್ನೂ ನಾನೂರು ವರ್ಷ ನಡೆಯಿತು.

ಕೊಂಡಿ ಕಳಚಿದ್ದು ನಮ್ಮ ಕಾಲದಲ್ಲಿ. 2005ರಲ್ಲಿ ಜೇನು ತಜ್ಞರು ಪ್ರಕಟಿಸಿದ ಅಧ್ಯಯನವೊಂದು, ಪಕ್ಕದ ಕ್ವಿಂತಾನಾ ರೋ ರಾಜ್ಯದ ಮಾಯಾ ಸೀಮೆಯಲ್ಲಿ ಕಾಲು ಶತಮಾನದೊಳಗೆ ಸಾಕಿದ ಶುನಾನ್ ಕಾಬ್ ಕುಟುಂಬಗಳು ಶೇ. 93ರಷ್ಟು ಕಡಿಮೆಯಾಗಿವೆ ಎಂದು ಹೇಳಿತು. ನೂರು ದಿಮ್ಮಿ ಇದ್ದ ಕಡೆ ಏಳು.

ಇಂಥ ಸಂಖ್ಯೆ ಕೇಳಿದಾಗ ನಾವು ಸುಲಭವಾಗಿ ಹೇಳುವ ಮಾತೊಂದಿದೆ, ಈಗಿನ ಹುಡುಗರಿಗೆ ಆಸಕ್ತಿ ಇಲ್ಲ ಅಂತ. ಈ ಪ್ರಕರಣದಲ್ಲಿ ಆ ಮಾತು ನಿಲ್ಲುವುದಿಲ್ಲ. ಯಾಕೆಂದರೆ ಹುಡುಗರು ಜೇನು ಸಾಕುವುದನ್ನು ಬಿಡಲೇ ಇಲ್ಲ! 20ನೇ ಶತಮಾನದಲ್ಲಿ ಯುರೋಪಿನ ಜೇನು ಈ ಸೀಮೆಗೆ ಬಂತು. ಒಂದು ಪೆಟ್ಟಿಗೆಯಿಂದ ಹತ್ತಾರು ಕಿಲೋ ತುಪ್ಪ. ಅದನ್ನು ಕೊಳ್ಳಲು ಯುರೋಪಿನಲ್ಲಿ ಮಾರುಕಟ್ಟೆ ಇತ್ತು. ಯುಕಟಾನ್ ಪರ್ಯಾಯ ದ್ವೀಪ ಮೆಕ್ಸಿಕೋದ ದೊಡ್ಡ ಜೇನು ಸೀಮೆಯಾಗಿ ಬೆಳೆಯಿತು. ಮಗ ಜೇನುಸಾಕಣೆಗಾರನೇ ಆದ, ಆದರೆ ಅಪ್ಪನ ಜೇನನ್ನು ಸಾಕಲಿಲ್ಲ. ಒಂದೆರಡು ಲೀಟರ್ ಕೊಡುವ ದಿಮ್ಮಿಯ ಮುಂದೆ ಹತ್ತಾರು ಕಿಲೋದ ಪೆಟ್ಟಿಗೆ ಇಟ್ಟರೆ, ಸಂಸಾರ ನಡೆಸಬೇಕಾದ ಯಾರಾದರೂ ಏನು ಆರಿಸಿಕೊಳ್ಳುತ್ತಾರೆ? ನಾನಾಗಿದ್ದರೂ ಪೆಟ್ಟಿಗೆಯನ್ನೇ ಆರಿಸಿಕೊಳ್ಳುತ್ತಿದ್ದೆ.

1980ರ ದಶಕದ ಕೊನೆಗೆ ಆಫ್ರಿಕಾ ಮೂಲದ ಮಿಶ್ರತಳಿ ಜೇನು ದಕ್ಷಿಣದಿಂದ ಹಬ್ಬುತ್ತಾ ಇಲ್ಲಿಗೂ ಬಂತು. ಅದು ಜಗಳಗಂಟಿ, ಹೂವಿಗೆ ಪೈಪೋಟಿ. 1988ರಲ್ಲಿ ಗಿಲ್ಬರ್ಟ್ ಚಂಡಮಾರುತ ಬಂದು ಕಾಡಿನ ಮರಗಳನ್ನು ಮಲಗಿಸಿತು. ಕಾಡು ಕಡಿದಂತೆ ಟೊಳ್ಳು ಮರ ಸಿಗುವುದು ಕಷ್ಟವಾಯಿತು. ಟೊಳ್ಳು ಮರ ಇಲ್ಲದಿದ್ದರೆ ಹೊಸ ಹೊಬೊನ್ ಇಲ್ಲ. ಕಾಂಕುನ್ ಎಂಬ ಪ್ರವಾಸಿ ನಗರ ಬೆಳೆಯಿತು, ಹಳ್ಳಿಯ ಹುಡುಗರು ಹೋಟೆಲ್ ಕೆಲಸಕ್ಕೆ ಅತ್ತ ನಡೆದರು. ದಿಮ್ಮಿಗಳು ಅಜ್ಜಂದಿರ ಜೊತೆ ಹಿತ್ತಲಿನಲ್ಲಿ ಉಳಿದವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಕ್ಕೆ ಅಕ್ಷರ ನಿಜವಾಯಿತು.

ಹೆಂಗಸರ ಕೈಗೆ ಬಂದಾಗ

ಹೊಪೆಲ್ಚೆನ್ ತಾಲ್ಲೂಕಿನಲ್ಲಿ ಇಚ್ ಏಕ್ ಎಂಬ ಹಳ್ಳಿ ಇದೆ. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಕೆಲವು ಹೆಂಗಸರು ಸೇರಿ ಕೋಲೆಲ್ ಕಾಬ್ ಎಂಬ ಸಂಘ ಕಟ್ಟಿದರು. ಜೇನಿನ ಕೆಲಸ ಮಾಡುವ ಹೆಂಗಸರು ಎಂದು ಅರ್ಥ. ಅವರಲ್ಲಿ ಲೇದಿ ಪೆಚ್ ಒಬ್ಬರು. 1965ರಲ್ಲಿ ಹುಟ್ಟಿದವರು. ಅವರ ಮನೆತನದ್ದು ಜೇನು ಸಾಕುತ್ತಾ ಬಂದ ಮನೆತನ.

ಈ ವಿದ್ಯೆ ಸಾಂಪ್ರದಾಯಿಕವಾಗಿ ಗಂಡಸರದ್ದು. ಅಪ್ಪನಿಂದ ಮಗನಿಗೆ, ಅಜ್ಜನಿಂದ ಮೊಮ್ಮಗನಿಗೆ. ಹೆಂಗಸರು ಆ ಸಾಲಿನಲ್ಲಿ ಇರಲಿಲ್ಲ. ಆದರೆ ದಿಮ್ಮಿಗಳು ಇದ್ದದ್ದು ಹಿತ್ತಲಿನಲ್ಲಿ. ಹಿತ್ತಲು ಯಾರದು? ಕೋಳಿಗೆ ಕಾಳು ಹಾಕುವವರು, ಮೆಣಸಿನ ಗಿಡಕ್ಕೆ ನೀರು ಬಿಡುವವರು, ಮದ್ದಿನ ಸೊಪ್ಪು ಬೆಳೆಸುವವರು ಹೆಂಗಸರು. ಬೆಳಗ್ಗೆ ಸಂಜೆ ಆ ದಿಮ್ಮಿಗಳ ಪಕ್ಕದಲ್ಲೇ ಓಡಾಡಿದವರು. ಬಾಣಂತಿಗೆ ತುಪ್ಪ ಬೇಕಾದಾಗ ಅದನ್ನು ಬಳಸಿದವರೂ ಅವರೇ. ನನಗೆ ಅನ್ನಿಸುವುದು ಹೀಗೆ: ಸಾಲಿನ ಹೊರಗೆ ನಿಂತಿದ್ದವರ ಕಣ್ಣಲ್ಲೇ ವಿದ್ಯೆಯ ಅರ್ಧ ಭಾಗ ಆಗಲೇ ಇತ್ತು. ಕೇಳುವ ಹಕ್ಕು, ಮುಟ್ಟುವ ಹಕ್ಕು ಮಾತ್ರ ಇರಲಿಲ್ಲ. ಹಿರಿಯರ ಜ್ಞಾನ ಉಳಿಸಬೇಕು ಎಂದು ಹೊರಡುವ ಎಷ್ಟೋ ಕೆಲಸಗಳು ಹಳೆಯ ಸಾಲಿನ ಮುಂದಿನ ಗಂಡುಮಗನನ್ನೇ ಹುಡುಕುತ್ತವೆ. ಅವನು ಪೇಟೆಗೆ ಹೋಗಿರುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು ಅಂತ ಬರೆದುಬಿಡುತ್ತಾರೆ. ಇಚ್ ಏಕ್‌ನಲ್ಲಿ ಹಾಗಾಗಲಿಲ್ಲ.

ಹೆಂಗಸರ ಕೈಗೆ ಬಂದ ವಿದ್ಯೆ ಇದ್ದ ಹಾಗೇ ಉಳಿಯಲಿಲ್ಲ. ಮುಖ್ಯವಾದ ಬದಲಾವಣೆ ದಿಮ್ಮಿಯ ಜಾಗಕ್ಕೆ ಮರದ ಪೆಟ್ಟಿಗೆ ಬಂದದ್ದು. ಯುಕಟಾನ್ ಪರ್ಯಾಯ ದ್ವೀಪದಲ್ಲಿ ಈಗ ಕಲಿಯುವವರಲ್ಲಿ ಬಹಳಷ್ಟು ಜನ ಪೆಟ್ಟಿಗೆಯಲ್ಲೇ ಕಲಿಯುತ್ತಾರೆ. ಪೆಟ್ಟಿಗೆ ಹಗುರ, ಮುಚ್ಚಳ ತೆಗೆದರೆ ಒಳಗಿನದ್ದು ಕಾಣುತ್ತದೆ, ದೊಡ್ಡ ಮರ ಕಡಿಯುವುದು ಬೇಡ, ಒಂದು ಕುಟುಂಬವನ್ನು ಎರಡು ಮಾಡುವುದು ಸುಲಭ.

ಪಾಲು ಮಾಡುವ ವಿಷಯ ಬಂದಾಗ ನಮ್ಮ ತುಡುವೆ ಸಾಕಣೆಗಾರರಿಗೆ ಇಷ್ಟವಾಗುವ ಸಂಗತಿಯೊಂದನ್ನು ಹೇಳಲೇಬೇಕು. ತುಡುವೆಯಲ್ಲಿ ಪಾಲು ಮಾಡುವ ಮೊದಲು ರಾಣಿ ಕೋಶ ಕಟ್ಟಿದೆಯಾ ಅಂತ ನೋಡುತ್ತೇವೆ. ಮುಜಂಟಿಯಲ್ಲೂ ರಾಣಿ ಕೋಶ ದೊಡ್ಡದಾಗಿ ಬೇರೆಯೇ ಕಾಣುತ್ತದೆ. ಮೆಲಿಪೋನಾದಲ್ಲಿ ಹಾಗಿಲ್ಲ. ಅದರ ರಾಣಿ ಹುಟ್ಟುವುದು ಕೆಲಸಗಾರ ನೊಣ ಹುಟ್ಟುವ ಅಳತೆಯ ಕೋಶದಲ್ಲೇ. ಮರಿ ಎರಿಯಲ್ಲಿ ಕೆಲಸಗಾರರ ನಡುವೆಯೇ ಹೊಸ ರಾಣಿಗಳು ಆಗಾಗ ಹುಟ್ಟುತ್ತಲೇ ಇರುತ್ತವೆ. ಹೆಚ್ಚಿನವನ್ನು ಕುಟುಂಬವೇ ಕೊಂದುಹಾಕುತ್ತದೆ. ಹಾಗಾಗಿ ಬಲಿತ ಮರಿ ಎರಿ ಮತ್ತು ಸಾಕಷ್ಟು ನೊಣಗಳನ್ನು ಬೇರೆ ಗೂಡಿಗೆ ಹಾಕಿದರೆ, ಅಲ್ಲಿ ಒಂದು ರಾಣಿ ತಾನಾಗಿ ಸಿಗುತ್ತದೆ. ಕೆಲಸಗಾರ ನೊಣದ ಮರಿಗಳಿರುವ ಬಲಿತ ಎರಿ ತಿಳಿ ಬಣ್ಣಕ್ಕೆ ತಿರುಗಿರುತ್ತದೆ, ಯಾಕೆಂದರೆ ನೊಣಗಳು ಮೇಲಿನ ಮೇಣವನ್ನು ಕೆರೆದು ತೆಗೆದಿರುತ್ತವೆ. ಮುಚ್ಚಳ ತೆರೆಯುವ ಪೆಟ್ಟಿಗೆಯಲ್ಲಿ ಆ ಬಣ್ಣವನ್ನು ತೋರಿಸಿ ಕಲಿಸುವುದು ಸುಲಭ, ತುದಿಯಿಂದ ಇಣುಕುವ ದಿಮ್ಮಿಯಲ್ಲಿ ಕಷ್ಟ.

ಇಲ್ಲೊಂದು ನಷ್ಟವೂ ಇದೆ, ಮುಚ್ಚಿಡುವುದು ಬೇಡ. ದಪ್ಪ ಮರದ ದಿಮ್ಮಿ ಬಿಸಿಲು ಚಳಿ ಎರಡನ್ನೂ ತಡೆಯುತ್ತದೆ. ತೆಳು ಹಲಗೆಯ ಪೆಟ್ಟಿಗೆ ಅಷ್ಟು ತಡೆಯುವುದಿಲ್ಲ. ದಿಮ್ಮಿ ತೆರೆಯುವುದು ಕಷ್ಟವಾದ್ದರಿಂದ ಹಿರಿಯರು ಅದನ್ನು ವರ್ಷದಲ್ಲಿ ಕೆಲವೇ ಸಲ ತೆರೆಯುತ್ತಿದ್ದರು, ಜೇನಿಗೆ ನೆಮ್ಮದಿ ಇತ್ತು. ಪೆಟ್ಟಿಗೆಯ ಮುಚ್ಚಳ ಸುಲಭ, ಹೊಸಬರ ಕೈ ಸುಮ್ನಿರುವುದಿಲ್ಲ. ಹಾಗೆ ಪದೇ ಪದೇ ತೆರೆದ ಗೂಡಿಗೇ ನೆನೆಮ್ ಬರುವುದು. ಆದರೂ ನಾನು ಪೆಟ್ಟಿಗೆಯ ಪರವೇ. ದಿಮ್ಮಿಯೇ ಆಗಬೇಕು ಅಂತ ಹಟ ಹಿಡಿದಿದ್ದರೆ ಕಲಿಸಲು ದಿಮ್ಮಿಗಳೇ ಇರುತ್ತಿರಲಿಲ್ಲ.

ಯುಕಟಾನ್ ಸ್ವಾಯತ್ತ ವಿಶ್ವವಿದ್ಯಾಲಯದ ಜೇನು ವಿಭಾಗದವರು ಹಳ್ಳಿಗಳಲ್ಲಿ ಮೆಲಿಪೋನಾ ತರಬೇತಿ ನಡೆಸುತ್ತಾ ಬಂದಿದ್ದಾರೆ. ಪುಸ್ತಕ ಸುಟ್ಟ ಅದೇ ಮಾನಿಯಲ್ಲಿ 1995ರಲ್ಲಿ ಉ ಯಿತ್ಸ್ ಕಾಆನ್ ಎಂಬ ಕೃಷಿ ಶಾಲೆ ಶುರುವಾಯಿತು. ಕಟ್ಟಿದವರಲ್ಲಿ ಕ್ಯಾಥೊಲಿಕ್ ಪಾದ್ರಿಗಳೂ ಇದ್ದರು. ಅಲ್ಲೂ ಶುನಾನ್ ಕಾಬ್ ಸಾಕುವುದನ್ನು ಕಲಿಸುತ್ತಾರೆ. ಒಬ್ಬ ಪಾದ್ರಿ ಬೆಂಕಿ ಹಚ್ಚಿದ ಊರಿನಲ್ಲಿ ನಾನೂರು ಚಿಲ್ಲರೆ ವರ್ಷದ ಮೇಲೆ ಬೇರೆ ಪಾದ್ರಿಗಳು ಕೂತು ಅದೇ ಜನರ ವಿದ್ಯೆಗೆ ಶಾಲೆ ತೆರೆದರು. ಅದನ್ನು ಓದಿದಾಗ ನನಗೆ ಮನಸ್ಸು ತುಂಬಿ ಬಂತು.

ಇಚ್ ಏಕ್‌ನ ಸಂಘ ಮುಂದೆ ಮೂಚ್ ಕಂಬಾಲ್ ಎಂಬ ಇನ್ನೊಂದು ಹೆಸರನ್ನೂ ಜೊತೆ ಮಾಡಿಕೊಂಡಿತು. ಒಟ್ಟಿಗೆ ಕಲಿಯುವುದು ಎಂದು ಅರ್ಥ. ಕಲಿಸುವುದು ಅಂತ ಅಲ್ಲ ನೋಡಿ. 2014ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು.

ಸೋಯಾ ಬಂದ ಮೇಲೆ

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಚಂದದ ಕಥೆ. ಆದರೆ ಜೇನು ದಿಮ್ಮಿಯಲ್ಲೋ ಪೆಟ್ಟಿಗೆಯಲ್ಲೋ ಬದುಕುವುದಿಲ್ಲ, ಸುತ್ತಲಿನ ಒಂದೆರಡು ಕಿಲೋಮೀಟರ್ ಕಾಡಿನಲ್ಲಿ ಬದುಕುತ್ತದೆ.

2012ರ ಜೂನ್‌ನಲ್ಲಿ ಮೆಕ್ಸಿಕೋ ಸರಕಾರ ಏಳು ರಾಜ್ಯಗಳಲ್ಲಿ ಕುಲಾಂತರಿ ಸೋಯಾ ಬೆಳೆಯಲು ಮೊನ್ಸಾಂಟೊ ಕಂಪನಿಗೆ ಅನುಮತಿ ಕೊಟ್ಟಿತು. ಒಟ್ಟು 2,53,500 ಹೆಕ್ಟೇರ್. ಕಂಪೇಚೆ, ಯುಕಟಾನ್ ಅದರಲ್ಲಿದ್ದವು. ಆ ಸೋಯಾ ಗ್ಲೈಫೋಸೇಟ್ ಕಳೆನಾಶಕವನ್ನು ತಡೆದುಕೊಳ್ಳುವ ತಳಿ. ಅಂದರೆ ಹೊಲದ ಮೇಲೆ ಔಷಧ ಹೊಡೆದರೆ ಸೋಯಾ ಬಿಟ್ಟು ಉಳಿದದ್ದೆಲ್ಲ ಸಾಯುತ್ತದೆ. ಆ ಉಳಿದದ್ದರಲ್ಲೇ ಜೇನಿನ ಹೂಗಳು ಇರುವುದು. ಅನುಮತಿ ಕೊಡುವ ಮೊದಲು ಅಲ್ಲಿನ ಮಾಯಾ ಜನರನ್ನು ಯಾರೂ ಕೇಳಿರಲಿಲ್ಲ.

ಇದಕ್ಕೂ ಒಂಬತ್ತು ತಿಂಗಳು ಮುಂಚೆ, 2011ರ ಸೆಪ್ಟೆಂಬರ್‌ನಲ್ಲಿ, ಕುಲಾಂತರಿ ಬೆಳೆಯ ಪರಾಗ ಸೇರಿದ ಜೇನುತುಪ್ಪವನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ ಹೇಳಿತ್ತು. ಪೆಟ್ಟಿಗೆ ಜೇನಿನ ತುಪ್ಪ ಹೋಗುತ್ತಿದ್ದದ್ದು ಅಲ್ಲಿಗೇ. ಈಗ ಅಪ್ಪನ ಜೇನು ಬಿಟ್ಟು ಪೆಟ್ಟಿಗೆ ಹಿಡಿದಿದ್ದ ಮಗನೂ, ಅಜ್ಜನ ಜೇನು ಹಿಡಿದ ಮೊಮ್ಮಗಳೂ ಒಂದೇ ಕಡೆ ನಿಂತರು.

ಲೇದಿ ಪೆಚ್ ಮತ್ತು ಜೊತೆಗಾರರು ಜೇನುಸಾಕಣೆಗಾರರು, ವಿಜ್ಞಾನಿಗಳು, ಪರಿಸರ ಸಂಘಟನೆಗಳನ್ನು ಸೇರಿಸಿ ಒಕ್ಕೂಟ ಕಟ್ಟಿದರು, ನ್ಯಾಯಾಲಯಕ್ಕೆ ಹೋದರು. ತುಪ್ಪವನ್ನು ಮೆಕ್ಸಿಕೋದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಕುಲಾಂತರಿ ಸೋಯಾದ ಪರಾಗ ಸಿಕ್ಕಿತು. ಹೊಪೆಲ್ಚೆನ್‌ನ ನೀರಿನಲ್ಲಿ, ಜನರ ಮೂತ್ರದಲ್ಲಿ ಗ್ಲೈಫೋಸೇಟ್ ಪತ್ತೆಯಾಯಿತು. ಸುಣ್ಣದ ಕಲ್ಲಿನ ವಿಷಯ ಇಲ್ಲಿಗೆ ಬಂತು: ಮೇಲೆ ಹೊಡೆದದ್ದು ಕೆಳಗಿನ ನೀರಿಗೆ ಇಳಿಯಲು ಆ ನೆಲದಲ್ಲಿ ಹೆಚ್ಚು ಹೊತ್ತು ಬೇಡ. ಏಳು ಹಳೆಯ ಮಾಯಾ ತಾಣಗಳಲ್ಲಿ ಒಂದೇ ಹೊತ್ತಿಗೆ ಸುಮಾರು 2,000 ಜನ ಸೇರಿ ಪ್ರತಿಭಟನೆ ಮಾಡಿದರು.

2015ರ ನವೆಂಬರ್‌ನಲ್ಲಿ ಮೆಕ್ಸಿಕೋದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೂಲನಿವಾಸಿಗಳ ಜೊತೆ ಸಮಾಲೋಚನೆ ಮಾಡದೆ ಈ ಸೋಯಾ ಬಿತ್ತುವಂತಿಲ್ಲ. ಅದಕ್ಕೆ ಆಧಾರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 169ನೇ ಒಪ್ಪಂದ. ಮೆಕ್ಸಿಕೋ ಅದಕ್ಕೆ 1990ರಲ್ಲೇ ಒಪ್ಪಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಸರಕಾರ ಅನುಮತಿಯನ್ನೇ ಏಳೂ ರಾಜ್ಯಗಳಲ್ಲಿ ರದ್ದು ಮಾಡಿತು. 2020ರಲ್ಲಿ ಲೇದಿ ಪೆಚ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದೇ ಇದಕ್ಕಾಗಿ. ಹಿರಿಯರ ಜ್ಞಾನ ದಾಟಿಸುವುದು ಅಂದರೆ ಅಜ್ಜನ ಮಾತು ರೆಕಾರ್ಡ್ ಮಾಡಿಕೊಳ್ಳುವುದು, ಶಾಲೆಯಲ್ಲಿ ಒಂದು ಪಾಠ ಇಡುವುದು, ಒಂದು ಉತ್ಸವ ಮಾಡುವುದು ಅಂತ ಅಂದುಕೊಳ್ಳುತ್ತೇವೆ. ಹೊಪೆಲ್ಚೆನ್‌ನಲ್ಲಿ ಕಲಿತವರು ಕಲಿತದ್ದನ್ನು ಕಾಪಾಡಬೇಕಾಯಿತು ಕೂಡ. ಅಜ್ಜನಿಗೆ ಗೊತ್ತಿದ್ದದ್ದು ಯಾವ ಮರ ಯಾವಾಗ ಹೂ ಬಿಡುತ್ತದೆ ಎಂದು. ಅದನ್ನು ಉಳಿಸಿಕೊಳ್ಳಲು ಮೊಮ್ಮಗಳಿಗೆ ಅಜ್ಜನಿಗೆ ಗೊತ್ತಿಲ್ಲದ್ದೂ ಬೇಕಾಯಿತು: ಪ್ರಯೋಗಾಲಯದ ವರದಿ ಓದುವುದು, ವಕೀಲರ ಜೊತೆ ಕೂರುವುದು, ರಾಜಧಾನಿಗೆ ಹೋಗಿ ಮಾತಾಡುವುದು. ಅಜ್ಜನ ವಿದ್ಯೆಗೆ ಹೊಸ ತಲೆಮಾರು ಸೇರಿಸಿದ ಪಾಲು ಇದು. ದಿಮ್ಮಿ ಮುಚ್ಚುವ ಮಣ್ಣಿನಷ್ಟೇ ಇದೂ ಈಗ ಆ ವಿದ್ಯೆಯ ಭಾಗ ಅಂತ ನಾನು ನಂಬುತ್ತೇನೆ.

ದಾಟಿದ್ದು, ದಾಟದೇ ಇದ್ದದ್ದು

ಗೆಲುವು ಪೂರ್ತಿಯಾಗಿಲ್ಲ. ಕಂಪೇಚೆಯಲ್ಲಿ ಕಾಡು ಕಡಿಯುವುದು ನಿಂತಿಲ್ಲ. 2023ರಲ್ಲಿ ಹೊಪೆಲ್ಚೆನ್ ಸೀಮೆಯಲ್ಲಿ ಸಾವಿರಾರು ಜೇನುಪೆಟ್ಟಿಗೆಗಳ ನೊಣಗಳು ಒಮ್ಮೆಗೇ ಸತ್ತವು. ಸತ್ತ ನೊಣಗಳಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಸಿಕ್ಕಿತು. ಸತ್ತ ಒಂದೊಂದು ನೊಣವನ್ನೂ ಎಲೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದ ಜನರ ಊರಿನಲ್ಲಿ ಹೆಣಗಳು ಪೆಟ್ಟಿಗೆ ಮುಂದೆ ರಾಶಿ ಬಿದ್ದವು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಇನ್ನು ವಿದ್ಯೆಯ ಒಳಗಡೆ ನೋಡಿದರೆ, ಸಾಕುವ ಕೆಲಸ ಚೆನ್ನಾಗಿ ದಾಟಿದೆ. ಮದ್ದಿನ ಬಳಕೆ ದಾಟಿದೆ, ತುಪ್ಪ ಈಗ ಸೋಪಿಗೆ, ಕಣ್ಣಿನ ಹನಿಗೆ, ಮುಲಾಮಿಗೆ ಹೋಗುತ್ತದೆ, ಬೆಲೆಯೂ ಒಳ್ಳೆಯದು. ಪೆಟ್ಟಿಗೆ ಜೇನಿನ ಮುಂದೆ ಸೋತಿದ್ದ ಆ ಒಂದೆರಡು ಲೀಟರಿಗೆ ಬೆಲೆ ಸಿಕ್ಕಿದ್ದು ಹೊಸಬರು ಉಳಿಯಲು ದೊಡ್ಡ ಕಾರಣ. ಇನ್ನೊಂದು ಉಪಯೋಗವೂ ಜನರ ಕಣ್ಣಿಗೆ ಬಿದ್ದಿದೆ. ಟೊಮೆಟೊ, ಮೆಣಸಿನ ಹೂವನ್ನು ಗಡಗಡ ನಡುಗಿಸಿದರೆ ಪರಾಗ ಚೆನ್ನಾಗಿ ಉದುರುತ್ತದೆ. ಮೆಲಿಪೋನಾ ಹೂವನ್ನು ಹಿಡಿದು ಮೈ ನಡುಗಿಸಿ ಅದನ್ನು ಮಾಡುತ್ತದೆ. ಯುರೋಪಿನ ಜೇನಿಗೆ ಆ ಕಲೆ ಇಲ್ಲ. ಹಿತ್ತಲಿನ ಮೆಣಸಿನ ಗಿಡಕ್ಕೂ ಹಿತ್ತಲಿನ ದಿಮ್ಮಿಗೂ ನಂಟು ಮೊದಲಿನಿಂದಲೇ ಇತ್ತು, ಅಲ್ವಾ?

ಪೂಜೆ ಅಷ್ಟು ಸುಲಭವಾಗಿ ದಾಟುವುದಿಲ್ಲ. ಹಾನ್ಲಿ ಕಾಬ್ ನಡೆಸಲು ಹ್ಮೆನ್ ಬೇಕು. ಅವರ ಮಂತ್ರ ಮಾಯಾ ಭಾಷೆಯಲ್ಲಿದೆ, ಬಾಯಿಂದ ಬಾಯಿಗೆ ಬಂದದ್ದು, ಕಲಿಯಲು ವರ್ಷಗಟ್ಟಲೆ ಬೇಕು. ಕೆಲವು ದಿನಗಳ ತರಬೇತಿಯಲ್ಲಿ ಪೆಟ್ಟಿಗೆ ಪಾಲು ಮಾಡುವುದನ್ನು ಕಲಿಯಬಹುದು, ಅದನ್ನು ಕಲಿಯಲಾಗದು. ಯೋಜನೆಗಳಿಗೆ ದುಡ್ಡು ಕೊಡುವವರು ಎಷ್ಟು ಪೆಟ್ಟಿಗೆ, ಎಷ್ಟು ಲೀಟರ್ ಅಂತ ಕೇಳುತ್ತಾರೆ. ಎಷ್ಟು ಜನಕ್ಕೆ ಮಂತ್ರ ಬರುತ್ತದೆ ಅಂತ ಕೇಳಿದವರನ್ನು ನಾನು ಎಲ್ಲೂ ಓದಿಲ್ಲ. ಪೂಜೆ ಇಲ್ಲದೆಯೂ ಜೇನು ಬದುಕುತ್ತದೆ, ನಿಜ. ಆದರೆ ತೆಗೆದುಕೊಂಡದ್ದಕ್ಕೆ ಪಾಲು ಹಿಂದಿರುಗಿಸಬೇಕು ಎಂಬ ಲೆಕ್ಕ ಆ ಪೂಜೆಯಲ್ಲೇ ಇತ್ತು. ತುಪ್ಪಕ್ಕೆ ಬೆಲೆ ಏರಿದಷ್ಟೂ ಆ ಲೆಕ್ಕ ಜಾಸ್ತಿ ಬೇಕಾಗುತ್ತದೆ.

ಕೊನೆಗೆ ತಹೊನಾಲ್ ಹೂವಿನ ವಿಷಯ. ಅದು ದಟ್ಟ ಕಾಡಿನ ಗಿಡವಲ್ಲ. ಮಾಯಾ ರೈತರು ಮಿಲ್ಪಾ ಎಂಬ ಜೋಳದ ಹೊಲವನ್ನು ಎರಡು ಮೂರು ವರ್ಷ ಬೆಳೆದು ಬೀಳು ಬಿಡುತ್ತಾರೆ. ಆ ಬೀಳಿನಲ್ಲಿ ಮೊದಲು ತುಂಬಿಕೊಳ್ಳುವ ಗಿಡಗಳಲ್ಲಿ ತಹೊನಾಲ್ ಒಂದು. ಆಮೇಲೆ ಮರಗಳು ಬರುತ್ತವೆ, ಕಾಡು ಮತ್ತೆ ಎದ್ದು ನಿಲ್ಲುತ್ತದೆ. ಬೀಳು ಬಿಟ್ಟ ಹೊಲ ಸೋಮಾರಿ ಹೊಲ ಅಂತ ಹೊರಗಿನ ಅಧಿಕಾರಿಗಳು ಬಹಳ ಕಾಲ ತಿಳಿದಿದ್ದರು. ಹಿರಿಯರಿಗೆ ಅದು ಜೇನಿನ ಹುಲ್ಲುಗಾವಲು. ಸೋಯಾ ಹೊಲ ಬೀಳು ಬೀಳುವುದಿಲ್ಲ, ವರ್ಷ ವರ್ಷ ಉಳುತ್ತಾರೆ, ಅಲ್ಲಿ ತಹೊನಾಲ್‌ಗೆ ಜಾಗವಿಲ್ಲ. ಹಾಗಾಗಿ ಇಚ್ ಏಕ್‌ನ ಹೆಂಗಸರ ಸಂಘ ಜೇನಿನ ಜೊತೆಗೆ ಸಾವಯವ ಬೇಸಾಯ, ಮರ ಬೆಳೆಸುವ ಕೆಲಸವನ್ನೂ ಹಿಡಿದಿದೆ. ಡಿಸೆಂಬರ್ ಬಂದರೆ ದಾರಿ ಬದಿಯಲ್ಲಿ, ಉಳಿದಿರುವ ಬೀಳುಗಳಲ್ಲಿ ಆ ಹಳದಿ ಹೂ ಈಗಲೂ ಅರಳುತ್ತದೆ.